ಕಡಲ್ಗಳ್ಳನಿಗೆ ಜಾಮೀನು

ಶಹಾಪುರದಿಂದ ಯಾವ ದಿಕ್ಕಿನ ಬಸ್ಸು ಹತ್ತಿದರೂ ಸೊಂಟ ಹಿಡಿಯುತ್ತದೆಯೇ ಹೊರತು ಸಮುದ್ರ ಸಿಗುವುದಿಲ್ಲ. ಆದರೂ ನಮ್ಮ ಮನೆಯಲ್ಲಿ ಹಡಗು ಮುಳುಗುವುದು, ಬಂದರಿಗೆ ಬೆಂಕಿ ಬೀಳುವುದು, ನೆರೆಮನೆಯವರು ಬಂದು ಲೂಟಿಯ ತಕರಾರು ಹೇಳುವುದು ನಡೆದೇ ಇರುತ್ತದೆ. ಕಾಯಿಲೆಯ ಮನೆಯಲ್ಲಿ ನಗು ಬರುವ ಹೊತ್ತು ಕಡಿಮೆ. ರಕ್ತದೊತ್ತಡ, ಮಾತ್ರೆಯ ವೇಳೆ, ನೋಡಲು ಯಾರು ಬಂದರು, ಏನು ತಂದರು, ಎಲ್ಲವನ್ನೂ ಬರೆದಿಡುವ ನಾನು ಇದನ್ನೊಂದು ಬಿಟ್ಟರೆ ಆಗುವುದಿಲ್ಲ ಎನ್ನಿಸಿ ಬರೆಯುತ್ತಿದ್ದೇನೆ.

ಉಳಿದ ಮಾತು

ನಮ್ಮ ಮನೆಯವರಿಗೆ ಹೋದ ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ಎಲ್ಲ ಮಾತು ಹೋಗಿ ಒಂದೇ ಒಂದು ಉಳಿಯಿತು. ಅದು “ಬ್ಯಾಡ”.

ನೀರು ಕೊಟ್ಟರೆ ಬ್ಯಾಡ, ಗಂಜಿ ಕೊಟ್ಟರೆ ಬ್ಯಾಡ. ಕಿಟಕಿ ತೆರೆಯಲೇನ್ರಿ ಎಂದರೆ ಬ್ಯಾಡ, ಮುಚ್ಚಲೇನ್ರಿ ಎಂದರೂ ಬ್ಯಾಡ. ಇಷ್ಟೊಂದು ಮಾತುಗಳಿರುವಾಗ ಇದೇ ಯಾಕೆ ಉಳಿಯಿತು ಎಂದು ದವಾಖಾನೆಯ ಡಾಕ್ಟರನ್ನು ಕೇಳಿದೆ.

“ಜನ್ಮದಾಗ ಭಾಳ ಸಲ ಆಡಿದ ಮಾತು ಒಮ್ಮೊಮ್ಮೆ ಹಂಗ ಉಳೀತದ್ರಿ ಅಮ್ಮಾರ. ಸಾಹೇಬ್ರು ಏನ್ ಕೆಲಸ ಮಾಡತಿದ್ರು?”

ಆಗ ನನಗೆ ಹೊಳೆಯಿತು. ಇವರು ನಿವೃತ್ತರಾಗುವ ತನಕ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್. ದೀಪಾವಳಿಗೆ ಪೇಢೆ ತಂದವರಿಗೆ, ಮಾವಿನ ಹಣ್ಣಿನ ಬುಟ್ಟಿ ತಂದವರಿಗೆ, “ಬರ್ರಿ ಸಾಹೇಬ್ರ, ಒಂದ್ ಕಪ್ ಚಹಾ ಕುಡಿಯೂಣು” ಎಂದವರಿಗೆ, ಎಲ್ಲರಿಗೂ ಇವರದು ಅದೊಂದೇ ಉತ್ತರ. ಲಂಚ ಮುಟ್ಟದ ಮನುಷ್ಯ ಎಂದು ಶಹಾಪುರದಿಂದ ಸುರಪುರದವರೆಗೂ ಹೆಸರಿತ್ತು. ಗಳಿಸಿದ ಹೆಸರೆಲ್ಲ ಕರಗಿ ಕೊನೆಗೆ ಬಾಯಲ್ಲಿ ಈ ಎರಡಕ್ಷರವಾಗಿ ನಿಂತಿತ್ತು.

ವಾರಕ್ಕೆರಡು ಸಲ ಫಿಸಿಯೋಥೆರಪಿ ಮಾಡಿಸಲು ಒಬ್ಬ ಹೆಣ್ಣುಮಗಳು ಬರುತ್ತಾಳೆ. ಬಲಗೈಯಲ್ಲಿ ರಬ್ಬರ್ ಚೆಂಡು ಇಟ್ಟು, “ಹಿಂಡ್ರಿ ಯಜಮಾನ್ರ” ಎನ್ನುತ್ತಾಳೆ. ಇವರು ಬ್ಯಾಡ ಎನ್ನುತ್ತಾರೆ. ಚೆಂಡು ಉರುಳಿ ಮಂಚದ ಕೆಳಗೆ ಹೋಗುತ್ತದೆ. ನಾನು ಬಗ್ಗಿ ತೆಗೆಯುತ್ತೇನೆ. ಹೀಗೆ ವ್ಯಾಯಾಮವೆಲ್ಲ ನನಗೇ ಆಯಿತು.

ಒಂದು ದಿನ ಆಕೆ ಬಾಗಿಲ ಹತ್ತಿರ ನನ್ನನ್ನು ಕರೆದು, “ಅಮ್ಮಾರ, ಇವರಿಗೆ ಮನಸ್ಸು ಬರುವಂಥಾದ್ದು ಏನಾರ ಒಂದು ಹುಡುಕ್ರಿ. ಕೈಬಟ್ಟು ಹಿಂಗ ಮಡಚಿಕೊಂಡು ಬಿಗೀತಂದ್ರ ಮತ್ತ ಬಿಡಸೂದು ಆಗಂಗಿಲ್ಲ. ಇವರಿಗೆ ಏನ್ ಅಂದ್ರ ಇಷ್ಟ?” ಎಂದಳು.

ನಾನು ಬಹಳ ಹೊತ್ತು ಯೋಚಿಸಿ ಹೇಳಿದೆ: “ಮಂದಿ ಬರದ ಅರ್ಜಿಯೊಳಗ ತಪ್ಪು ಹುಡುಕೂದು.”

“ಅದು ಕೈಗೆ ವ್ಯಾಯಾಮ ಅಲ್ರಿ,” ಎಂದು ಆಕೆ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಹಡಗು ಬಂತು

ಮಗಳು ಯಾದಗಿರಿಯಲ್ಲಿ ಶಾಲೆಯ ಶಿಕ್ಷಕಿ. ಆ ಶನಿವಾರ ಬರುವಾಗ ಅಪ್ಪನಿಗೊಂದು, ನನಗೊಂದು ಎಂದು ಎರಡು ಟ್ಯಾಬ್ ತಂದಳು. ಅವುಗಳಲ್ಲಿ ಸಮುದ್ರದ ಮೇಲೆ ಹಡಗು ನಡೆಸುವ ಆಟವಿತ್ತು. ಎಲ್ಲೆಲ್ಲಿಯದೋ ಜನ ತಮ್ಮ ತಮ್ಮ ಮನೆಯಲ್ಲಿ ಕುಳಿತು ಒಂದೇ ಸಮುದ್ರದಲ್ಲಿ ಆಡುವ ಆಟ. ಬೆರಳಿನಿಂದ ಎಳೆದರೆ ಹಡಗು ತಿರುಗುತ್ತದೆ, ಒತ್ತಿದರೆ ಫಿರಂಗಿಯಿಂದ ಗುಂಡು ಹಾರುತ್ತದೆ.

ಇವರು ಕಲಿಯುವ ಮೊದಲು ನಾನು ಕಲಿಯುತ್ತೇನೆ ಎಂದೆ. ಮನೆಯೊಳಗೆ ಬರುವ ಔಷಧವನ್ನೂ ಚೀಟಿ ಓದದೆ ನಾನು ಕೊಡುವವಳಲ್ಲ. ಮೇಲಾಗಿ ನಮ್ಮ ತವರಿನಲ್ಲಿ ಪದವಿ ಮುಗಿಸಿದ ಮೊದಲ ಹೆಣ್ಣುಮಗಳು ನಾನು, ಅದೂ ಅರ್ಥಶಾಸ್ತ್ರದಲ್ಲಿ. ಇಂಗ್ಲಿಷಿನ ನಿಯಮಗಳನ್ನೆಲ್ಲ ಕೂತು ಕನ್ನಡಕ್ಕೆ ಇಳಿಸಿಕೊಂಡೆ. ನಾಯಕಿಯ ಹೆಸರು ಕೇಳಿದಲ್ಲಿ ನನ್ನ ಪೂರ್ತಿ ಹೆಸರು, ಮುಂದೆ ಬಿ.ಎ. ಎಂದು ಹಾಕಿದೆ.

“ಅವ್ವ, ಇದರಾಗ ಬಂಗಾರಕ್ಕಿಂತ ರೆಪ್ಯುಟೇಷನ್ ಮುಖ್ಯ,” ಎಂದಳು ಮಗಳು.

“ಮರ್ಯಾದಿ ಅನ್ನು.”

ಪರದೆಯ ಮೂಲೆಯಲ್ಲಿ ಒಂದು ದೀಪಸ್ತಂಭವಿತ್ತು. ಕೊಟ್ಟ ಮಾತು ಉಳಿಸಿಕೊಂಡರೆ, ವ್ಯಾಪಾರಿ ಹಡಗಿಗೆ ಕಾವಲು ಹೋದರೆ, ಮುಳುಗುವವರನ್ನು ಎತ್ತಿಕೊಂಡರೆ ಅದರ ಬೆಳಕು ಏರುತ್ತದೆ. ಲೂಟಿ ಮಾಡಿದರೆ, ಮಾತು ಮುರಿದರೆ ಇಳಿಯುತ್ತದೆ. ಆ ಬೆಳಕನ್ನೇ ಖರ್ಚು ಮಾಡಿ ಬಂದರುಗಳಲ್ಲಿ ಸಿಹಿನೀರು, ರಿಪೇರಿ, ಹೊಸ ನಾವಿಕರು, ಏನು ಬೇಕಾದರೂ ಕೇಳಬಹುದು. ಬೆಳಕು ಪೂರ್ತಿ ಆರಿದವನನ್ನು ಯಾವ ಬಂದರಿನವರೂ ಒಳಗೆ ಬಿಡುವುದಿಲ್ಲ. ಅಂಥವನ ಕೊನೆಯ ಹಡಗೂ ಹೋದರೆ ಅವನ ಹೆಸರನ್ನು ಆಟದಿಂದಲೇ ಅಳಿಸುತ್ತಾರೆ. ಬೇರೆ ಯಾರಾದರೂ ತಮ್ಮ ಬೆಳಕನ್ನೆಲ್ಲ ಪಣವಿಟ್ಟು ಅವನಿಗೆ ಜಾಮೀನಾದರೆ ಮಾತ್ರ ಒಂದು ಬಂದರು ಬಾಗಿಲು ತೆರೆಯುತ್ತದೆ.

“ಮರ್ಯಾದಿ ಖರ್ಚು ಮಾಡೂದು ಅಂದ್ರೇನವ್ವ? ಖರ್ಚು ಮಾಡಿದ ಮ್ಯಾಲ ಅದು ಮರ್ಯಾದಿ ಹೆಂಗ ಆಗತದ?”

“ಅವ್ವ, ಆಟ ಆಡು. ಪರೀಕ್ಷಾ ಬರೀಬ್ಯಾಡ.”

ಮರುದಿನ ಬೆಳಿಗ್ಗೆ ಇವರಿಗೆ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ದಿಂಬಿಗೆ ಒರಗಿಸಿ ಕೂಡಿಸಿ ಇವರ ಟ್ಯಾಬನ್ನು ಬಲಗೈಯ ಕೆಳಗೆ ಇಟ್ಟೆವು. ಇವರು ಅದನ್ನೇ ನೋಡುತ್ತ ಕುಳಿತರು. ಬ್ಯಾಡ ಎನ್ನಲಿಲ್ಲ. ದೂರದಲ್ಲಿ ಯಾರದೋ ವ್ಯಾಪಾರಿ ಹಡಗು ತನ್ನ ಪಾಡಿಗೆ ಹೋಗುತ್ತಿತ್ತು. ತಿಂಗಳುಗಟ್ಟಲೆ ಅಲುಗದ ತೋರುಬೆರಳು ನಡುಗುತ್ತ ಎದ್ದು, ಜಾರಿ, ಮತ್ತೆ ಎದ್ದು ಫಿರಂಗಿಯ ಮೇಲೆ ಬಿತ್ತು.

ಮಗಳು ಕಣ್ಣೊರೆಸಿಕೊಂಡು, “ಅಪ್ಪನ ಕೈ ಆಡ್ತು ಅವ್ವ,” ಎಂದಳು.

ನನ್ನ ಕಣ್ಣೂ ತುಂಬಿತ್ತು. ಆದರೂ ನೋಡಿದ್ದನ್ನು ನೋಡಿದ ಹಾಗೆ ಹೇಳಬೇಕಲ್ಲ. “ಕೈ ಆಡ್ತು, ಖರೆ. ಆದ್ರ ಎದಕ್ಕ ಆಡ್ತು ನೋಡು,” ಎಂದೆ. ಪೇಢೆಯ ಡಬ್ಬಿ ಮುಟ್ಟದ ಕೈ, ವಿಭೂತಿ ಆರುವ ಮೊದಲೇ ಇಡೀ ಹಡಗನ್ನು ಲೂಟಿ ಮಾಡಿತ್ತು.

ಮುಳುಗಿದರೂ ಕೇಳಲಿಲ್ಲ

ಮನೆಯಲ್ಲಿ ಒಬ್ಬರು ಕೆಟ್ಟ ಮೇಲೆ ಇನ್ನೊಬ್ಬರು ನೆಟ್ಟಗಿರಲೇಬೇಕು. ನಾನು ಕಾವಲು ಹೋದೆ, ಒಪ್ಪಂದ ಉಳಿಸಿಕೊಂಡೆ, ಮುಳುಗುವವರನ್ನೆಲ್ಲ ಎತ್ತಿಕೊಂಡೆ. ನನ್ನ ದೀಪಸ್ತಂಭ ಝಗಝಗ ಉರಿಯಿತು. ಯಾರ ಹತ್ತಿರವೂ ಏನೂ ಕೇಳಲಿಲ್ಲವಾದ್ದರಿಂದ ಬೆಳಕು ಕಡಿಮೆಯಾಗಲೇ ಇಲ್ಲ.

ಎತ್ತಿಕೊಂಡ ಜನರ ಭಾರಕ್ಕೋ ಏನೋ, ಹಡಗಿನ ತಳದಲ್ಲಿ ನೀರು ಜಿನುಗತೊಡಗಿತು. ಎದುರಿಗೇ ಒಂದು ದೊಡ್ಡ ಬಂದರು. ಮಗಳು ಫೋನಿನಲ್ಲಿ, “ಒಳಗ ಹೋಗಿ ರಿಪೇರಿ ಕೇಳವ್ವ, ಚೂರು ಬೆಳಕು ಹೋಗ್ತದ ಅಷ್ಟ,” ಎಂದಳು.

“ಗುರುತಿಲ್ಲದ ಊರಾಗ ಹೋಗಿ ಕೈ ಚಾಚಲೇನು?”

“ಅದಕ್ಕೇ ಮರ್ಯಾದಿ ಗಳಿಸೂದವ್ವ.”

“ಗಳಸೂದು ಇಟ್ಟುಕೊಳ್ಳಾಕ.”

ಸ್ವಲ್ಪ ದೂರ ಹೋದರೆ ಸರಿಹೋದೀತು ಎಂದು ಮುಂದಕ್ಕೆ ನಡೆಸಿದೆ. ಸರಿಹೋಗಲಿಲ್ಲ. ಬಂದರಿನ ಜನ ದಂಡೆಗೆ ಬಂದು ಟೋಪಿ ತೆಗೆದು ನಿಂತ ಚಿತ್ರ ಬಂತು. ಅವರೆಲ್ಲರ ಗೌರವದ ನಡುವೆ ನನ್ನ ಹಡಗು ನಿಧಾನವಾಗಿ ಮುಳುಗಿತು. ಆ ವಾರ ನಮ್ಮ ಸಮುದ್ರದ ಮರ್ಯಾದಸ್ಥರ ಪಟ್ಟಿಯಲ್ಲಿ ನಾನೇ ಮೊದಲು. ಹಡಗೊಂದಿರಲಿಲ್ಲ, ಅಷ್ಟೆ.

ಮೆಣಸಿನಕಾಯಿ

ಪಕ್ಕದ ಮನೆ ಬಟ್ಟೆ ಅಂಗಡಿಯವರದು. ಅವರ ಹೆಂಡತಿ ನನಗಿಂತ ಚಿಕ್ಕವಳು, ಅಕ್ಕಾರ ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಆಟ ನೋಡಿ ಹೋಗಿ ತಾನೂ ಫೋನಿನಲ್ಲಿ ಹಾಕಿಸಿಕೊಂಡಳು. ವ್ಯಾಪಾರಸ್ಥರ ಮನೆಯಾಕೆ. ನೋಡನೋಡುವುದರೊಳಗೆ ಸಾಲು ಹಡಗು ಮಾಡಿಕೊಂಡಳು. ನಾನೂ ಹೊಸ ಹಡಗು ಕಟ್ಟಿಕೊಂಡಿದ್ದೆ.

ಒಂದು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಅಂಗಳಕ್ಕೆ ಬಂದು ನಿಂತಳು. ಕೂಡು ಎಂದರೆ ಕೂಡಲಿಲ್ಲ.

“ಅಕ್ಕಾರ, ನಿಮ್ಮ ಯಜಮಾನ್ರು ನನ್ನ ಮೆಣಸಿನಕಾಯಿ ಹಡಗ ತಗೊಂಡ್ಯಾರ್ರಿ.”

“ಯಾವಾಗ?”

“ನಿನ್ನಿ ಊಟ ಆದ ಮ್ಯಾಲ. ನಾ ಕೈ ತೊಳ್ಕೊಂಡು ಬರೂದ್ರಾಗ ಚೀಲ ಸಮೇತ ಹೋಗ್ಯದ. ಆಜೂಬಾಜೂ ಮನಿಯವ್ರು ಹಿಂಗ ಮಾಡಬಹುದೇನ್ರಿ? ಸಾಹೇಬ್ರು ಎಷ್ಟ್ ಇಜ್ಜತ್‌ನ ಮನಷ್ಯಾ ಅಂತ ನಮ್ಮ ಮನಿಯವ್ರು ದಿನಾ ಹೇಳತಿದ್ರು.”

ಒಳಗೆ ಹೋಗಿ ಕೇಳಿದೆ. “ಏನ್ರಿ, ಅವರದು ತಗೊಂಡೀರೇನು?” ಇವರು ಗೋಡೆಯ ಕಡೆ ನೋಡಿದರು. ಟ್ಯಾಬ್ ಎತ್ತಿ ನೋಡಿದರೆ ಹಡಗಿನ ತುಂಬ ಕೆಂಪು ಚೀಲಗಳ ಚಿತ್ರ. ಅಡಿಗೆ ಮನೆಗೆ ಹೋಗಿ ಡಬ್ಬಿಯಿಂದ ವರ್ಷಕ್ಕೆಂದು ಒಣಗಿಸಿಟ್ಟ ಮೆಣಸಿನಕಾಯಿ ತೆಗೆದು, ಚೀಲಕ್ಕೆ ತುಂಬಿ ಆಕೆಯ ಕೈಗೆ ಕೊಟ್ಟೆ. “ಮನಸ್ಸಿನ್ಯಾಗ ಇಟ್ಕೋಬ್ಯಾಡವ್ವ. ಇವರಿಗೆ ಮೈಯಾಗ ನೆಟ್ಟಗಿಲ್ಲ.”

ಆಕೆ ಚೀಲದ ಬಾಯಿ ಬಿಚ್ಚಿ ಒಂದು ಕಾಯಿ ಮುರಿದು ಮೂಸಿ ನೋಡಿದಳು. ಖಾರ ಸರಿಯಿದೆ ಎನ್ನಿಸಿರಬೇಕು, ಮುಖ ಸಡಿಲವಾಯಿತು. ಗೇಟಿನ ತನಕ ಹೋದವಳು ತಿರುಗಿ ನಿಂತಳು.

“ಅಕ್ಕಾರ, ನಿಮ್ಮ ಮುಂದ ಹೇಳಾಕ ನಾಚಿಕಿ ಆಗತದ. ಆದ್ರ ಆ ಹಡಗಿನ್ಯಾಗ ಬಂಗಾರನೂ ಇತ್ತು.”

ಊರಿನ ಮಾತು

ಮೊದಲ ತಿಂಗಳು ನೋಡಲು ಬಂದವರಿಗೆ ಕೂಡಿಸಲು ಕುರ್ಚಿ ಸಾಲುತ್ತಿರಲಿಲ್ಲ. ಆಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಇಟ್ಟು ಮೂಲೆಗೆ ಸೇರಿಸಿದೆ. ಯಾರ ಕೆಲಸವನ್ನೂ ಇನ್ನು ಮಾಡಿಕೊಡಲಾರದವರ ಮಂಚದ ಹತ್ತಿರ ಎಷ್ಟು ದಿನವೆಂದು ಬಂದು ಕೂಡುತ್ತಾರೆ.

ಆಮೇಲೂ ಬಂದವರು ಗೋಗಿ ಊರಿನ ಒಬ್ಬ ಪರಿಚಯದವರು. ಅವರು ಬಂದಾಗಲೆಲ್ಲ ಲಕ್ವದಿಂದ ಸತ್ತವರ ಸುದ್ದಿಯೊಂದನ್ನು ತರುತ್ತಾರೆ. “ನಮ್ಮ ಬೀಗರಿಗೂ ಹಿಂಗ ಆಗಿತ್ತರಿ. ಚಲೋ ಊಟ ಮಾಡತಿದ್ರು. ಹಂಗ ಕುಂತಲ್ಲೇ ಹೋದ್ರು,” ಎಂದು ಹೇಳಿ ಬಾಳೆಹಣ್ಣು ಕೈಗಿಡುತ್ತಾರೆ. ಆ ದಿನ ಅವರು ಬಂದಾಗ ಇವರು ಆಟದಲ್ಲಿದ್ದರು. ಬಂದವರ ಕಡೆ ನೋಡಲೂ ಇಲ್ಲ. ಅವರು ಟ್ಯಾಬನ್ನು ಬಗ್ಗಿ ನೋಡಿ, ಬಂಗಾರದ ನಾಣ್ಯ ಸುರಿಯುವುದನ್ನು ಕಂಡು, ಬಾಳೆಹಣ್ಣು ಮಂಚದ ಮೇಲಿಟ್ಟು ಎದ್ದು ಹೋದರು.

ಕೆಲವು ದಿನಕ್ಕೆ ಸುರಪುರದಿಂದ ನಾದಿನಿ ಓಡಿಬಂದಳು. ಚೀಲ ಇಡುವ ಮೊದಲೇ ಶುರು ಮಾಡಿದಳು.

“ವೈನಿ, ಅಣ್ಣ ಹಾಸಿಗಿ ಮ್ಯಾಲ ಮಲಗಿ ಮೊಬೈಲ್‌ನಾಗ ಜೂಜಾಡಾಕತ್ತಾನ ಅಂತ ಮಂದಿ ಅನ್ನಾಕತ್ತಾರ. ನನಗ ಹೊರಗ ಮುಖ ತೋರಸಾಕ ಆಗವಲ್ದು.”

“ಯಾರಂದ್ರು?”

“ಯಾರು ಅನ್ನವಲ್ರು, ಅದನ್ನ ಕೇಳ್ರಿ.”

“ಜೂಜಾಟ ಅಲ್ಲವ್ವ ಅದು. ಕೂಡು, ನೀರು ಕುಡಿ.”

“ಮತ್ತೇನದು?”

ಸುಳ್ಳು ಹೇಳಲು ನನಗೆ ಬರುವುದಿಲ್ಲ. “ಲೂಟಿ,” ಎಂದೆ. “ಹಡಗ ಲೂಟಿ ಮಾಡ್ತಾರ.”

ನಾದಿನಿ ಎದೆಯ ಮೇಲೆ ಕೈಯಿಟ್ಟು ಕುಳಿತಳು. “ಅಷ್ಟ ಏನು. ನಾ ಎಷ್ಟ್ ಹೆದರಿದ್ನಿ ವೈನಿ.” ಸುರಪುರಕ್ಕೆ ವಾಪಸು ಹೋಗಿ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ತಿಳಿಸಿ ಹೇಳಿದಳಂತೆ: ನಮ್ಮಣ್ಣ ಜೂಜಾಡಾಂವ ಅಲ್ಲ, ದರೋಡಿ ಮಾಡ್ತಾನ.

ಬೋನಾಳದ ತೆಪ್ಪ

ಇವರು ಮನೆ ಬಿಟ್ಟು ಹೊರಗೆ ಹೋಗದೆ ಬಹಳ ದಿನವಾಗಿತ್ತು. ಮಗಳು ಒಂದು ಕಾರು ಮಾಡಿ ನಮ್ಮಿಬ್ಬರನ್ನೂ ಸುರಪುರಕ್ಕೆ ಕರೆದುಕೊಂಡು ಹೊರಟಳು. “ಅಪ್ಪ ಒಮ್ಮೆ ಖರೆ ನೀರು ನೋಡಲಿ,” ಎಂದು ಬೋನಾಳದ ಕೆರೆಯ ಹತ್ತಿರ ಇಳಿಸಿದಳು. ಗಾಲಿಕುರ್ಚಿಯನ್ನು ದಂಡೆಯವರೆಗೂ ತಳ್ಳಿದೆವು. ಮೋಡ ಕವಿದ ಸಂಜೆ. ಹಕ್ಕಿಗಳು ದೂರದಲ್ಲಿ ಕಪ್ಪಗೆ ಕುಳಿತಿದ್ದವು. ಇವರು ಹಕ್ಕಿಗಳನ್ನು ನೋಡಲೇ ಇಲ್ಲ.

ಒಬ್ಬಾತ ತೆಪ್ಪ ನಡೆಸಿಕೊಂಡು ದಂಡೆಗೆ ಬರುತ್ತಿದ್ದ. ಇವರ ಬಲಗೈ ತೊಡೆಯ ಮೇಲಿಂದ ಎದ್ದಿತು. ಬೆರಳು ನೆಟ್ಟಗೆ ಚಾಚಿ ತೆಪ್ಪದ ಗುರಿ ಹಿಡಿಯಿತು. ಲಕ್ವ ಹೊಡೆದ ಮೇಲೆ ಆ ಕೈ ಅಷ್ಟು ಮೇಲೆ ಎದ್ದಿರಲಿಲ್ಲ.

“ಸಾಹೇಬ್ರು ಏನ್ ಹೇಳಾಕತ್ತಾರ್ರಿ ಅವ್ವಾರ?” ಎಂದ ತೆಪ್ಪದವನು.

ಅವನಿಗೆ ಏನೆಂದು ಹೇಳಲಿ. “ನಿನ್ನ ತೆಪ್ಪ ಚಲೋ ಅದ ಅಂತಾರಪ್ಪ.”

ಪಾಪ, ಒಳ್ಳೆಯ ಮನುಷ್ಯ. “ಹಂಗಾದ್ರ ಬರ್ರಿ ಸಾಹೇಬ್ರ, ಹಿಡಿದು ಕೂಡಸ್ತೀನಿ. ಒಂದ್ ಸುತ್ತು ಹಾಕೂಣು,” ಎಂದು ಕೈ ಚಾಚಿದ.

ಇವರ ಕೈ ತಟ್ಟನೆ ಕೆಳಗಿಳಿಯಿತು. “ಬ್ಯಾಡ.”

ಮಗಳಿಗೆ ಇದು ಅರ್ಥವಾಗಲಿಲ್ಲ. ನನಗೆ ಆಯಿತು. ಮಂದಿ ತಾವಾಗಿ ಕೊಟ್ಟದ್ದನ್ನು ಇವರು ಎಂದೂ ತೆಗೆದುಕೊಂಡವರಲ್ಲ.

ಜಾಮೀನು

ಇವರ ದೀಪಸ್ತಂಭ ಆರಿ ಎಷ್ಟೋ ದಿನವಾಗಿತ್ತು. ಒಂದೊಂದೇ ಬಂದರು ಮುಚ್ಚಿತು. ಒಂದೊಂದೇ ಹಡಗು ಹೋಯಿತು. ಕೊನೆಗೆ ಒಂದು ಉಳಿಯಿತು. ಹಾಯಿ ಹರಿದಿತ್ತು, ಸಿಹಿನೀರು ತೀರುತ್ತ ಬಂದಿತ್ತು. ನೀರು ಮುಗಿದರೆ ಹಡಗು ಮುಗಿದಂತೆ, ಹಡಗು ಮುಗಿದರೆ ಇವರ ಹೆಸರು ಅಳಿದಂತೆ.

ಅದು ಇವರಿಗೂ ತಿಳಿಯಿತು. ಆ ದಿನದಿಂದ ಟ್ಯಾಬ್ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟ ಬ್ಯಾಡ, ಮಾತ್ರೆ ಬ್ಯಾಡ. ಬಿಚ್ಚಿಕೊಳ್ಳುತ್ತಿದ್ದ ಬೆರಳುಗಳು ಮತ್ತೆ ಮಡಚತೊಡಗಿದವು. ಫಿಸಿಯೋಥೆರಪಿಯಾಕೆ ಆ ಕೈಯನ್ನು ಹಿಡಿದು ನೋಡಿ ನನ್ನ ಮುಖ ನೋಡಿದಳು. “ಮತ್ತ ಬಿಗಿಯಾಕತ್ತದ್ರಿ ಅಮ್ಮಾರ. ಈ ಸಲ ಬಿಗೀತಂದ್ರ ನನ್ನ ಕೈಲೆ ಆಗಂಗಿಲ್ಲ.”

ಮಗಳಿಗೆ ಫೋನ್ ಮಾಡಿದೆ.

“ಅವ್ವ, ನಿನ್ನ ಬೆಳಕು ಇಟ್ಟು ಅಪ್ಪಗ ಜಾಮೀನು ಆಗು. ಬಂದರು ತೆರೀತದ.”

“ಜಾಮೀನು? ಈ ಮನ್ಯಾಗ?”

ನಮ್ಮ ಮನೆಯಲ್ಲಿ ಕೇಳಿದವರಿಗೆ ಜೋಳ ಕೊಟ್ಟಿದ್ದೇವೆ, ಪಾತ್ರೆ ಕೊಟ್ಟಿದ್ದೇವೆ, ಮದುವೆಗೆ ಹಾಸಿಗೆ ಕೊಟ್ಟಿದ್ದೇವೆ. ಜಾಮೀನು ಮಾತ್ರ ಯಾರಿಗೂ ಕೊಟ್ಟಿಲ್ಲ. ಜಾಮೀನು ಹಾಕಿ ಮುಳುಗಿದ ಮನೆಗಳನ್ನು ಇವರು ಕಚೇರಿಯಲ್ಲಿ ದಿನವೂ ಕಂಡವರು. ಸ್ವಂತ ತಂಗಿಯ ಗಂಡ ಬಂದು ಕೇಳಿದಾಗಲೂ ಇವರು ಹೇಳಿದ್ದು ಅದೇ ಎರಡಕ್ಷರ.

“ಅವ್ವ, ಅದು ಆಟ.”

“ಮರ್ಯಾದಿ ಆಟ ಅಲ್ಲವ್ವ.”

“ಮತ್ತ ಅದನ್ನ ಎದಕ್ಕ ಇಟ್ಕೊಂಡೀ?”

ಫೋನ್ ಕೆಳಗಿಟ್ಟೆ. ಮಂಚದ ಹತ್ತಿರ ಹೋಗಿ ನಿಂತೆ. ಕೈ ಹೊದಿಕೆಯ ಮೇಲೆ ಮುಷ್ಟಿಯಾಗಿ ಬಿದ್ದಿತ್ತು. ನಾನು ನನ್ನ ಟ್ಯಾಬ್ ತೆಗೆದೆ. ಬೆಳಕೆಲ್ಲ ಹೋಗಬಹುದು, ಸಮ್ಮತಿಯೇ ಎಂದು ಅದು ಕೇಳಿತು. ಕಣ್ಣು ಮುಚ್ಚಿ ಒತ್ತಿದೆ.

“ಏನ್ರಿ, ಇತ್ತ ಹೊರಳ್ರಿ. ಬಂದರು ತೆರದಾರ. ನಾ ಜಾಮೀನು ಆಗೀನಿ.”

ಅವರು ಹೊರಳಿದರು. ನನ್ನನ್ನು ನೋಡಿದರು, ಪರದೆಯನ್ನು ನೋಡಿದರು. ಬಹಳ ಹೊತ್ತಿನ ಮೇಲೆ ಮುಷ್ಟಿ ಸಡಿಲವಾಗಿ ಒಂದು ಬೆರಳು ಹೊರಗೆ ಬಂತು. ಹಡಗು ನಿಧಾನವಾಗಿ ಬಂದರಿನೊಳಗೆ ಹೋಯಿತು. ನೀರು ತುಂಬಿಸಿಕೊಂಡಿತು, ಹಾಯಿ ಹೊಲಿಸಿಕೊಂಡಿತು, ಗುಂಡು ಮದ್ದು ಹೇರಿಕೊಂಡಿತು. ನಾನು ಅಡಿಗೆ ಮನೆಗೆ ಹೋಗಿ ಗಂಜಿ ಬಿಸಿ ಮಾಡಿ ತಂದೆ. ಇವರು ಬ್ಯಾಡ ಎನ್ನದೆ ಬಾಯಿ ತೆರೆದರು. ಒಂದೊಂದೇ ಚಮಚ ಕುಡಿಸುತ್ತ, ಮರ್ಯಾದೆ ಇಂಥಾದ್ದಕ್ಕೇ ಇರಬೇಕು ಎಂದುಕೊಂಡೆ.

ಬಟ್ಟಲು ಖಾಲಿಯಾಗುವ ಹೊತ್ತಿಗೆ ಪರದೆಯ ತುಂಬ ಹೊಗೆ. ಬಂದರಿನ ಖಜಾನೆಯೆಲ್ಲ ಹಡಗಿನಲ್ಲಿತ್ತು. ಬಂದರು ಉರಿಯುತ್ತಿತ್ತು.

ನನ್ನ ದೀಪಸ್ತಂಭ ಪಕ್ಕನೆ ಆರಿತು. ಆ ಸಮುದ್ರದಲ್ಲಿ ಆಡುವವರೆಲ್ಲರ ಪರದೆಗೂ ಗಂಟೆ ಹೊಡೆದು ಸುದ್ದಿ ಹೋಯಿತು. ಇಂಥವರ ಜಾಮೀನಿನ ಮೇಲೆ ಒಳಗೆ ಬಿಟ್ಟ ಹಡಗು ಬಂದರನ್ನು ದೋಚಿ ಸುಟ್ಟಿದೆ, ಇನ್ನು ಇವರಿಗೂ ಎಲ್ಲಿಯೂ ಜಾಗವಿಲ್ಲ ಎಂದು. ನನ್ನ ಹೆಸರನ್ನು ಪೂರ್ತಿ ಹಾಕಿದ್ದರು, ಬಿ.ಎ. ಸಮೇತ.

ಕಾಂಪೌಂಡ್ ಗೋಡೆಯ ಆಚೆಯಿಂದ ನೆರೆಮನೆಯಾಕೆಯ ದನಿ ಬಂತು. “ಅಕ್ಕಾರ, ಇದೇನ್ರಿ ಇದು? ಓದಿದವ್ರು ನೀವ ಹಿಂಗ ಮಾಡಿದ್ರ ಮುಂದ ಯಾರನ್ನ ನಂಬಬೇಕ್ರಿ?”

ನಾನು ಇವರ ಕಡೆ ತಿರುಗಿದೆ. ಬೈಯಬೇಕೆಂದೇ ತಿರುಗಿದ್ದು. ಇವರು ನಗುತ್ತಿದ್ದರು. ಬಾಯಿಯ ಒಂದು ಪಕ್ಕ ಮಾತ್ರ ನಗುತ್ತಿತ್ತು, ಇನ್ನೊಂದು ಪಕ್ಕ ಅದನ್ನು ಹಿಂಬಾಲಿಸಲು ನಡುಗುತ್ತಿತ್ತು. ಹೋದ ಚಳಿಗಾಲದಿಂದ ಈಚೆಗೆ ಆ ನಗುವನ್ನು ನಾನು ಕಂಡಿರಲಿಲ್ಲ.

“ನಗ್ರಿ, ನಗ್ರಿ. ಇದ್ದ ಒಬ್ಬಾಕಿ ಮರ್ಯಾದಿನೂ ತಗದ್ರಿ. ಇನ್ನ ಇಬ್ರಿಗೂ ಯಾವ ಊರೂ ಇಲ್ಲ. ಎಲ್ಲಿಗೆ ಹೋಗೂದು ಈಗ?”

ಇವರ ಬೆರಳು ಪರದೆಯ ಮೇಲೆ ನಡುಗುತ್ತ ಸರಿಯಿತು. ಹೊಗೆ ದಾಟಿತು, ಎರಡು ದ್ವೀಪ ದಾಟಿತು. ದೂರದಲ್ಲಿ ಕೆಂಪು ಚೀಲ ಹೇರಿಕೊಂಡು ಒಂದು ಹಡಗು ತನ್ನ ಪಾಡಿಗೆ ಹೊರಟಿತ್ತು. ಬೆರಳು ಅದರ ಮೇಲೆ ನಿಂತಿತು. ತುಟಿ ಆಡಿತು. ಕುತ್ತಿಗೆಯ ನರ ಉಬ್ಬಿತು. ಬ್ಯಾಡ ಬರುತ್ತದೆ ಎಂದು ನಾನು ಕಾದೆ.

“ಮೆಣಸಿನ...” ಎಂದರು. ಉಸಿರು ತೆಗೆದುಕೊಂಡರು. “ಕಾಯಿ.”

ಗೋಡೆಯ ಆಚೆ ಆಕೆ ಇನ್ನೂ ನಂಬಿಕೆಯ ಬಗ್ಗೆ ಮಾತಾಡುತ್ತಲೇ ಇದ್ದಳು. ನಾನು ಕಣ್ಣೊರೆಸಿಕೊಂಡು ಅಡಿಗೆ ಮನೆಗೆ ಹೋದೆ, ಮೆಣಸಿನಕಾಯಿಯ ಡಬ್ಬಿ ತೆರೆದೆ. ಆಕೆಗೆ ಕೊಡಲು ಇನ್ನೊಂದು ಸಲಕ್ಕೆ ಸಾಲುವಷ್ಟಿತ್ತು. ವಾಪಸು ಬಂದು ಇವರ ಪಕ್ಕದಲ್ಲಿ ಕುಳಿತು ನನ್ನ ಹಡಗಿನ ಹಾಯಿ ಎತ್ತಿದೆ.